ಚರ್ಚ್‌ಮನ್ ಸೆಟ್, 50ರಲ್ಲಿ 38: ಮಂಗಳೂರಿನ ಒಂದು ಮಳೆಗಾಲದ ಲೆಕ್ಕ

ಪೂರ್ತಿ ಮಾಡಬೇಕಿರುವುದು ಇಂಗ್ಲೆಂಡಿನ ಚರ್ಚ್‌ಮನ್ ಸಿಗರೇಟ್ ಕಂಪನಿ 1938ರಲ್ಲಿ ತಂದ ಬಾಕ್ಸರ್‌ಗಳ ಚಿತ್ರದ ಕಾರ್ಡ್ ಸೆಟ್ ‘ಬಾಕ್ಸಿಂಗ್ ಪರ್ಸನಾಲಿಟೀಸ್’, ಒಟ್ಟು 50 ಕಾರ್ಡ್. ಜೊತೆಗೆ ಅಮೆರಿಕದ ಬಾಕ್ಸಿಂಗ್ ಕಾರ್ಡ್‌ಗಳು: 1951ರ ಟಾಪ್ಸ್ ರಿಂಗ್‌ಸೈಡ್‌ನ ಕೆಲವು ಬಿಡಿ ಕಾರ್ಡ್‌ಗಳು, 1991ರ ಕೇಯೋ ಕಾರ್ಡ್‌ಗಳ ಒಂದು ರಾಶಿ. ಕೇಯೋಗೆ ಬೆಲೆ ಇಲ್ಲ, ಮಳೆಗಾಲದ ತೇವದ ಪ್ರಯೋಗಕ್ಕೆ ಅದೇ ಸರಿ.

ಜನವರಿ ಕೊನೆಯ ವಾರ

ಕರಾವಳಿಯಲ್ಲಿ ಕಾರ್ಡ್ ಪ್ಯಾಕ್ ಮಾಡಲು ಸರಿಯಾದ ಹೊತ್ತು ಇದು. ಹೆಚ್ಚಿನವರಿಗೆ ನೆನಪಾಗುವುದು ಮೇ ಕೊನೆಗೆ, ಮೋಡ ಕಟ್ಟಿದ ಮೇಲೆ. ಅಷ್ಟರೊಳಗೆ ಕಾಗದ ನೀರು ಕುಡಿದು ಆಗಿರುತ್ತದೆ.

ಮೊದಲು ಗಾಳಿಯ ತೇವವನ್ನು ಶೇಕಡಾದಲ್ಲಿ ತೋರಿಸುವ ತೇವಮಾಪಕ ಸರಿ ಉಂಟೋ ನೋಡಬೇಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಹದವಾಗುವವರೆಗೆ ಹನಿ ಹನಿ ನೀರು ಸೇರಿಸಿ, ಮಾಪಕದ ಜೊತೆ ಜಿಪ್ ಚೀಲದೊಳಗೆ 12 ಗಂಟೆ ಬಿಡಿ. 75 ತೋರಿಸಬೇಕು. ನಮ್ಮದು 79 ತೋರಿಸಿತು, ಹಾಗಾಗಿ ಮುಂದಿನ ಎಲ್ಲ ಅಂಕಿಗಳಲ್ಲಿ 4 ಕಳೆದಿದೆ.

ಸಿಗರೇಟ್ ಕಾರ್ಡಿನ ಅಳತೆ ಸುಮಾರು 36 × 68 ಮಿ.ಮೀ. ಈಗಿನ ಕಾರ್ಡ್‌ಗಳ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ (ಟಾಪ್‌ಲೋಡರ್) ಹಾಕಿದರೆ ಒಳಗೇ ಜಾರಾಡಿ ಮೂಲೆ ಸವೆಯುತ್ತದೆ. ಹತ್ತು ಕಿಸೆಯ ಪಾಲಿಪ್ರೊಪಿಲೀನ್ ಹಾಳೆ ಒಳ್ಳೆಯದು, ಇಡೀ ಸೆಟ್ಟಿಗೆ ಐದು ಹಾಳೆ ಸಾಕು. ಫೋಟೋ ಆಲ್ಬಮ್ಮಿನ ಮೆತ್ತನೆ ಪಿವಿಸಿ ಹಾಳೆ ಬೇಡವೇ ಬೇಡ. ಅದರ ಎಣ್ಣೆಯಂಥ ಅಂಶ ಹೊರಬಂದು ಶಾಯಿಗೆ ಅಂಟುತ್ತದೆ.

ರಬ್ಬರ್ ರಿಂಗ್ ಇರುವ 10 ಲೀಟರ್ ಲಾಕ್ ಡಬ್ಬಿ. ಆಲ್ಬಮ್, ರಟ್ಟು ಎಲ್ಲ ಸೇರಿ 600 ಗ್ರಾಂ ಕಾಗದ. ತೇವ ಹೀರಿದಂತೆ ಬಣ್ಣ ಬದಲಿಸುವ ಕಿತ್ತಳೆ ಹರಳು, ಸಿಲಿಕಾ ಜೆಲ್, 60 ಗ್ರಾಂ. ಒಣ ತೂಕವನ್ನು ಚೀಲದ ಮೇಲೇ ಬರೆದಿಟ್ಟಿದೆ. ಮುಚ್ಚಿದ ಎರಡು ದಿನಕ್ಕೆ ಒಳಗಿನ ತೇವ 47.

ಮಾರ್ಚ್

ನಾಲ್ಕು ಚರ್ಚ್‌ಮನ್ ಸೇರಿದವು, 38 ಆಯಿತು. ಐದನೆಯದು ನಕಲಿ ಎಂಬ ಅನುಮಾನದಿಂದ ವಾಪಸ್. ನೋಟು ಪರೀಕ್ಷಿಸುವ ಯುವಿ ಟಾರ್ಚ್ ಕತ್ತಲೆಯಲ್ಲಿ ಹಿಡಿದಾಗ ಹಿಂಬದಿ ನೀಲಿಯಾಗಿ ಬೆಳಗಿತು. ಕಾಗದವನ್ನು ಹಾಗೆ ಬೆಳಗಿಸುವ ಬಿಳುಪಿನ ರಾಸಾಯನಿಕ ಬಳಕೆಗೆ ಬಂದದ್ದೇ ಎರಡನೇ ಮಹಾಯುದ್ಧದ ನಂತರ. 1938ರ ಕಾಗದ ಮಂಕಾಗಿಯೇ ಇರಬೇಕು. ಆದರೆ ಇದು ಒಂದು ಕಡೆಯ ಪರೀಕ್ಷೆ ಮಾತ್ರ: ಬೆಳಗಿದರೆ ಅನುಮಾನ, ಬೆಳಗದಿದ್ದರೆ ಅಸಲಿ ಎಂದಲ್ಲ. ಆಮೇಲೆ ಚಿನ್ನದ ಅಂಗಡಿಯವರು ಹಿಡಿಯುವಂಥ 10 ಪಟ್ಟಿನ ಲೂಪ್‌ನಲ್ಲಿ (ಪುಟ್ಟ ಭೂತಗನ್ನಡಿ) ಹಿಂಬದಿಯ ಅಕ್ಷರ ನೋಡಬೇಕು. ಗಟ್ಟಿ ಅಂಚಿನ ಅಕ್ಷರ ಸರಿ. ಅಕ್ಷರವೂ ಬಣ್ಣದ ಚುಕ್ಕಿಗಳಿಂದ ಆಗಿದ್ದರೆ ಅದು ಸ್ಕ್ಯಾನ್ ಮಾಡಿ ಮುದ್ರಿಸಿದ್ದು.

ರಿಂಗ್‌ಸೈಡ್ ಕೊಳ್ಳುವವರು ಸ್ಕೇಲ್ ಹಿಡಿಯಿರಿ. ಅಳತೆ ಸುಮಾರು 52 × 75 ಮಿ.ಮೀ. 96 ಕಾರ್ಡ್‌ಗಳ ಈ ಸೆಟ್ಟಿನಲ್ಲಿ 49ರಿಂದ ಮೇಲಿನವು ಸಿಗುವುದು ಕಷ್ಟ. 32ನೆಯದು ರಾಕಿ ಮಾರ್ಸಿಯಾನೊ, ಅಂಚು ಕತ್ತರಿಸಿ ಚಂದ ಮಾಡುವ ಕೈಚಳಕ ಹೆಚ್ಚಾಗಿ ನಡೆಯುವುದು ಇಂಥ ಬೆಲೆಯ ಕಾರ್ಡಿನ ಮೇಲೆಯೇ.

ಮೇ ಕೊನೆ

ಬೇಕೆಂದೇ ಎರಡನೇ ಡಬ್ಬಿಯನ್ನು ತಡವಾಗಿ ತುಂಬಿದೆ. 800 ಗ್ರಾಂ ಕೇಯೋ, ಮುಂಬದಿಗೆ ಹೊಳೆಯುವ ಹಾಳೆ ಅಂಟಿಸಿದ ನಾಲ್ಕು ಹೊಸ ಫಾಯಿಲ್ ಕಾರ್ಡ್, ನಡುವೆ ರಟ್ಟಿನ ತುಂಡು. ಕೋಣೆಯ ತೇವ 80. ಜೆಲ್ ಅದೇ 60 ಗ್ರಾಂ.

ಆಟಿ (ಜುಲೈ–ಆಗಸ್ಟ್)

ಮುರಕಲ್ಲಿನ ಗೋಡೆ ಬೆವರುತ್ತಿದೆ, ಕೋಣೆಯಲ್ಲಿ 91. ಮೊದಲ ಡಬ್ಬಿ 50. ಎರಡನೆಯದು 72.

ಸೋರಿಕೆ ಎಂದು ಮೊದಲ ಅನುಮಾನ. ಡಬ್ಬಿಗಳನ್ನು ಅದಲುಬದಲು ಮಾಡಿ ನೋಡಿದರೂ 72 ಇಳಿಯಲಿಲ್ಲ. ಕಾರಣ ಗಾಳಿಯಲ್ಲಿಲ್ಲ. 10 ಲೀಟರ್ ಗಾಳಿಯಲ್ಲಿ ಇರುವ ನೀರು ಕಾಲು ಗ್ರಾಂ ಆಸುಪಾಸು, ಅಷ್ಟೆ. ಕಾಗದದ್ದೇ ಬೇರೆ ಲೆಕ್ಕ: ತೇವ 80 ಇರುವಲ್ಲಿ ಅದು ತನ್ನ ತೂಕದ ಸುಮಾರು 11 ಶೇಕಡಾ ನೀರು ಹಿಡಿಯುತ್ತದೆ, 50ರಲ್ಲಿ ಸುಮಾರು 7. 800 ಗ್ರಾಂಗೆ ವ್ಯತ್ಯಾಸ 32 ಗ್ರಾಂ. ತೇವ 50ರ ಹತ್ತಿರ ಜೆಲ್ ಹಿಡಿಯುವುದು ತನ್ನ ತೂಕದ ಕಾಲು ಭಾಗ, ಎಂದರೆ 15 ಗ್ರಾಂ. ಉಳಿದ ನೀರು ಕಾರ್ಡಿನಲ್ಲೇ ಉಳಿಯಿತು. ಮೇ ತಿಂಗಳಲ್ಲಿ ತುಂಬುವವರಿಗೆ ಇಷ್ಟೇ ಕಾಗದಕ್ಕೆ 130 ಗ್ರಾಂ ಬೇಕು.

ಒಳಗೆ ಆದದ್ದು: ರಟ್ಟಿನ ಮೇಲೆ ಬೂಸ್ಟು. ಹೊಳಪು ಮುಖದ ಕಾರ್ಡ್‌ಗಳಲ್ಲಿ ಏಳು ಒಂದಕ್ಕೊಂದು ಹಿಡಿದುಕೊಂಡಿವೆ, ಬಿಡಿಸುವಾಗ ಚರ್ ಎಂದು ಸದ್ದು, ಎರಡರಲ್ಲಿ ಬಣ್ಣ ಎದ್ದು ಬಂತು. ಫಾಯಿಲ್ ಕಾರ್ಡ್ ನಾಲ್ಕೂ ತಟ್ಟೆಯಂತೆ ಮುಂದಕ್ಕೆ ಬಾಗಿವೆ, ಹಿಂದಿನ ಕಾಗದ ಹಿಗ್ಗಿತು, ಮುಂದಿನ ಫಾಯಿಲ್ ಹಿಗ್ಗಲಿಲ್ಲ. ಪುಸ್ತಕದಡಿ ಒತ್ತಿ ಪ್ರಯೋಜನವಿಲ್ಲ. ತೇವ 50ಕ್ಕೆ ಇಳಿಸಿ ಹತ್ತು ದಿನ ಬಿಟ್ಟ ಮೇಲೆ ಮೂರು ತಾವಾಗಿಯೇ ಸರಿಯಾದವು.

ವಿಲ್ಸ್, ಪ್ಲೇಯರ್ಸ್ ಸಿಗರೇಟ್ ಕಂಪನಿಗಳ 1930ರ ದಶಕದ ಸೆಟ್ ಇಟ್ಟವರಿಗೆ ಇನ್ನೂ ಕಷ್ಟ. ಅವುಗಳಲ್ಲಿ ಹಲವಕ್ಕೆ ಹಿಂಬದಿಯಲ್ಲೇ ಅಂಟು ಉಂಟು, ಆಟಿಯಲ್ಲಿ ಅದು ಅಂಚೆ ಚೀಟಿಯಂತೆ ಹಿಡಿದುಬಿಡುತ್ತದೆ. ಒಂದರ ಮೇಲೊಂದು ಪೇರಿಸಲೇ ಬಾರದು.

ಸೆಪ್ಟೆಂಬರ್

ಮೊದಲ ಡಬ್ಬಿ 52. ಜೆಲ್ 60ರಿಂದ 75 ಗ್ರಾಂ ಆಗಿದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಬಣ್ಣ ನೋಡಿ ತೀರ್ಮಾನಿಸುವುದಕ್ಕಿಂತ ಅಡುಗೆಮನೆಯ ತಕ್ಕಡಿಯೇ ವಾಸಿ. ಅವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ ಕಾಯಿಸಿ, ಮುಚ್ಚಿದ ಬಾಟಲಿಯಲ್ಲಿ ತಣಿಸಿ ವಾಪಸ್ ಹಾಕಬೇಕು. ಆದರೆ ಎಲ್ಲವನ್ನೂ ಒಮ್ಮೆಗೇ ಹಾಕಿದರೆ ತೇವ ಬೇಕಾದುದಕ್ಕಿಂತ ಕೆಳಗೆ ಬಿದ್ದು ಹಳೆ ಕಾರ್ಡ್ ಸೆಡೆತುಕೊಳ್ಳುತ್ತದೆ. ಅದಕ್ಕೆ 20 ಗ್ರಾಂ ಮಾತ್ರ.

ಚರ್ಚ್‌ಮನ್ ಸೆಟ್ಟಿನಲ್ಲಿ ಬಾಕಿ 12, ಜೋ ಲೂಯಿಸ್ ಕಾರ್ಡ್ ಸೇರಿ. ಡಿಸೆಂಬರ್‌ವರೆಗೆ ಪಾರ್ಸೆಲ್ ತರಿಸುವುದಿಲ್ಲ.