ಗೇಟ್ ಒಳಗೆ ಏನ್ ಬೇಕಾದ್ರೂ ಕೂಗಿ

"ಗೇಟ್ ಒಳಗಡೆ ಏನ್ ಬೇಕಾದ್ರೂ ಕೂಗಿ ಸಾರ್, ಯಾರೂ ಕೇಳಲ್ಲ. ಕಾಲು ಆಚೆ ಇಟ್ರೆ ಮಾತ್ರ ಕೇಸು."

ಬುಧವಾರ ಫ್ರೀಡಂ ಪಾರ್ಕಿನಲ್ಲಿ ಈ ಮಾತು ಹೇಳಿದ ಪೇದೆಗೆ ಹೆಚ್ಚೆಂದರೆ ಇಪ್ಪತ್ತೈದು ವರ್ಷ. ಒಳ್ಳೆಯ ಹುಡುಗ. ಬಿಸಿಲಲ್ಲಿ ನಿಂತು ನಿಂತು ಮುಖ ಕಂದಿತ್ತು. ಅನುಮತಿ ಪತ್ರದ ಜೆರಾಕ್ಸ್ ನೋಡಿದ. ಎಷ್ಟು ಜನ ಅಂತ ಕೇಳಿದ. ಎಷ್ಟೊತ್ತಿಗೆ ಮುಗಿಸ್ತೀರ ಅಂತ ಕೇಳಿದ. ಆಮೇಲೆ ಮೊಬೈಲ್ ತೆಗೆದು ನಮ್ಮೆಲ್ಲರ ವಿಡಿಯೋ ಮಾಡಿಕೊಂಡ. "ಸ್ವಲ್ಪ ಹತ್ರ ಹತ್ರ ನಿಂತ್ಕೊಳ್ಳಿ, ಎಲ್ಲರೂ ಬರಲಿ" ಅಂದ, ಮದುವೆ ಮನೆ ಫೋಟೋಗ್ರಾಫರ್ ತರ. ನಮ್ಮವರು ನಿಜಕ್ಕೂ ಹತ್ತಿರ ನಿಂತರು. ಒಬ್ಬರು ಕನ್ನಡಕ ಸರಿ ಮಾಡಿಕೊಂಡರು.

ನಾವು ಸೇರಿದ್ದು ನ್ಯಾಯಾಂಗದ ಮೇಲೆ ಸರ್ಕಾರದ ಕೈ ಉದ್ದವಾಗುತ್ತಿದೆ ಅಂತ ಹೇಳಲಿಕ್ಕೆ. ಜನ ಜಾಸ್ತಿ ಇರಲಿಲ್ಲ. ಕಪ್ಪು ಕೋಟಿನವರು ಕೆಲವರು, ಕಾಲೇಜು ಮಕ್ಕಳು ಕೆಲವರು, ಎಲ್ಲ ಸಭೆಗೂ ಬರುವ ಖಾದಿ ಜುಬ್ಬಾದ ಆ ಒಬ್ಬರು. ಈ ಜುಬ್ಬಾದವರು ಮೈಕ್ ಹಿಡಿದರೆ ಬಿಡುವುದಿಲ್ಲ. ಕೌಟಿಲ್ಯನಿಂದ ಶುರು ಮಾಡಿ ಇವತ್ತಿಗೆ ಬರುವಷ್ಟರಲ್ಲಿ ಹುಡುಗರು ಅರ್ಧ ಖಾಲಿಯಾಗಿದ್ದರು. ಅವರ ಕಾಳಜಿ ನಿಜವೇ. ಆದರೆ ಇಂಥವರಿಂದ ಒಳ್ಳೆಯ ವಿಷಯವೂ ಬೋರ್ ಆಗಿಬಿಡುತ್ತದೆ.

ನನ್ನ ಜೊತೆ ಬಂದಿದ್ದವರು ನಮ್ಮ ಪರಿಚಯದ ಹಿರಿಯ ವಕೀಲರು. ಎಪ್ಪತ್ತೈದರ ಹತ್ತಿರ ಈಗ. ಪೇದೆಯ ಮಾತಿಗೆ ನಾನು ರೇಗಿ ಏನೋ ಹೇಳಲು ಹೊರಟೆ. ಅವರು ನನ್ನ ತೋಳು ಹಿಡಿದು ನಗುತ್ತಾ, "ಸರಿಯಾಗೇ ಹೇಳಿದೆ ಕಣಪ್ಪ. ಐವತ್ತು ವರ್ಷದ ಹಿಂದೆ ಇದೇ ಗೇಟಲ್ಲಿ ಕಾಲು ಒಳಗಿಟ್ರೆ ಕೇಸು ಅಂತಿದ್ರು" ಅಂದರು. ಹುಡುಗನಿಗೆ ಅರ್ಥ ಆಗಲಿಲ್ಲ. ಸುಮ್ನೆ ತಲೆ ಆಡಿಸಿದ.

ಫ್ರೀಡಂ ಪಾರ್ಕ್ ಮೊದಲು ಬೆಂಗಳೂರಿನ ಸೆಂಟ್ರಲ್ ಜೈಲು. ಈಗಲೂ ನಡುವೆ ಕಾವಲು ಗೋಪುರ ಇದೆ. ಹಳೆಯ ಬ್ಯಾರಕ್ ಉಳಿಸಿಕೊಂಡಿದ್ದಾರೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರಾ ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದರು. ಬೆಳಿಗ್ಗೆಯೇ ಹಿಡಿದು ಇಲ್ಲಿ ಹಾಕಿದರು. ನಟಿ ಸ್ನೇಹಲತಾ ರೆಡ್ಡಿಯೂ ಇದೇ ಜೈಲಿನಲ್ಲಿದ್ದರು. ಆಸ್ತಮಾ ಕಾಯಿಲೆ. ಪೆರೋಲ್ ಮೇಲೆ ಹೊರಬಂದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು.

ನಮ್ಮ ವಕೀಲರು ಆಗ ಸೀನಿಯರ್ ಒಬ್ಬರ ಫೈಲು ಹೊರುತ್ತಿದ್ದ ಹುಡುಗ. ಬಂಧನದಲ್ಲಿದ್ದವರ ಅರ್ಜಿಗೆ ಸಹಿ ಹಾಕಿಸಲು ಈ ಗೇಟಿಗೆ ಬರುತ್ತಿದ್ದರಂತೆ. ಅದರ ಕತೆ ಕೇಳಿದರೆ ಜಾಸ್ತಿ ಹೇಳುವುದಿಲ್ಲ. "ಕಾಯಿಸ್ತಿದ್ರು, ಅಷ್ಟೇ" ಅನ್ನುತ್ತಾರೆ. ಆದರೆ ಇಬ್ಬರು ನ್ಯಾಯಮೂರ್ತಿಗಳ ಹೆಸರು ಬಂದರೆ ದನಿ ಬದಲಾಗುತ್ತದೆ. ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ. ಆ ನಾಲ್ವರು ನಾಯಕರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು, ಅಂದರೆ ನಮ್ಮನ್ನು ಹಿಡಿದಿಟ್ಟದ್ದು ಕಾನೂನು ಪ್ರಕಾರವೇ ನೋಡಿ ಅಂತ ಕೋರ್ಟಿಗೆ ಕೊಡುವ ಅರ್ಜಿಗಳನ್ನು, ಕರ್ನಾಟಕ ಹೈಕೋರ್ಟಿನಲ್ಲಿ ಕೇಳಿದವರು. ತುರ್ತು ಪರಿಸ್ಥಿತಿ ಇದೆ, ಇಂಥ ಅರ್ಜಿಯನ್ನು ನೀವು ಮುಟ್ಟಲೇಬಾರದು ಅಂತ ಕೇಂದ್ರದ ವಾದ. ಇವರು ಮುಟ್ಟಿದರು. ಆಮೇಲೆ ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ. ಹಾಗೆ 1976ರಲ್ಲಿ ದೇಶದಾದ್ಯಂತ ಎತ್ತಂಗಡಿಯಾದ ಹೈಕೋರ್ಟ್ ನ್ಯಾಯಮೂರ್ತಿಗಳು 16 ಮಂದಿ. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ ನೋಡಿ. ರೈಲು ಹತ್ತಿಸಿದರು, ಅಷ್ಟೇ.

ಇದು ಹೊಸ ವಿದ್ಯೆಯೂ ಆಗಿರಲಿಲ್ಲ. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂತು. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣೆ ವಿರುದ್ಧ ಹಾಕಿದ್ದ ಕೇಸು ಅದು. 13 ನ್ಯಾಯಮೂರ್ತಿಗಳ ಪೀಠ, 68 ದಿನ ವಾದ, ಕೊನೆಗೆ 7-6. ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವ ಹಾಗಿಲ್ಲ ಅಂತ. ತೀರ್ಪಿನ ಮರುದಿನವೇ ಮೂವರು ಹಿರಿಯರನ್ನು ದಾಟಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ ಸುದ್ದಿ ಬಂತು. ಆ ಮೂವರಲ್ಲಿ ಒಬ್ಬರು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಬಿಸಾಕಿ ಹೊರಗೆ ಬಂದರು.

ನನಗೆ ಈ ವಾರ ಪೂರ್ತಿ ತಲೆ ತಿಂದದ್ದು ಪೇದೆಯ ಮಾತು. ಅದರ ಜೊತೆ ಇನ್ನೊಂದು ಮಾತು ಸೇರಿಕೊಂಡಿದೆ. ಇಂಥ ಅರ್ಜಿಗಳನ್ನು ಕೇಳಬಹುದು ಅಂತ ಹೈಕೋರ್ಟುಗಳು ಕೊಟ್ಟ ಆದೇಶಗಳು ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋದವಲ್ಲ, ಅಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಂದ್ರದ ಪರ ವಾದಿಸುತ್ತಿದ್ದ ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಕೇಳಿದರು. ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೆ? ಆಗಲೂ ಕೋರ್ಟಿಗೆ ಬರುವ ಹಾಗಿಲ್ಲವೇ? ತುರ್ತು ಪರಿಸ್ಥಿತಿ ಇರುವ ತನಕ ಇಲ್ಲ ಅಂದರು ಡೇ. ಇದು ನಿಮ್ಮ ಮನಸ್ಸಾಕ್ಷಿಯನ್ನು ಅಲುಗಾಡಿಸಬಹುದು, ನನ್ನದನ್ನೂ ಅಲುಗಾಡಿಸುತ್ತದೆ, ಆದರೆ ನನ್ನ ವಾದದ ಪ್ರಕಾರ ದಾರಿ ಇಲ್ಲ ಅಂತ.

ಡೇ ಮೇಲೆ ನನಗೆ ಯಾಕೋ ಪೂರ್ತಿ ಸಿಟ್ಟು ಬರುವುದಿಲ್ಲ. ಸುತ್ತಿ ಬಳಸದೆ ಹೇಳಿದ ಮನುಷ್ಯ. ಅಷ್ಟು ಬಿಚ್ಚಿ ಹೇಳಿದ ಮೇಲೂ ನಾಲ್ವರು ನ್ಯಾಯಮೂರ್ತಿಗಳು ತಲೆದೂಗಿದರಲ್ಲ, ಅವರ ಮೇಲೆ ನನ್ನ ಸಿಟ್ಟು. 1976ರ ಏಪ್ರಿಲ್ 28ರಂದು ತೀರ್ಪು, 4-1. ಬೇಡ ಅಂದವರು ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಅವರನ್ನೂ ದಾಟಿಸಿ ಎಂ.ಎಚ್. ಬೇಗ್ ಮುಖ್ಯ ನ್ಯಾಯಮೂರ್ತಿಯಾದರು. ಖನ್ನಾ ರಾಜೀನಾಮೆ ಕೊಟ್ಟರು.

ಅವತ್ತು ನಮ್ಮ ಪೇದೆಯೂ ಹಾಗೇ ಅಂದಿದ್ದ. ನಾನು "ರಸ್ತೆಯಲ್ಲಿ ನಿಂತರೆ ಏನಪ್ಪಾ ತೊಂದರೆ?" ಅಂತ ಕೇಳಿದ್ದಕ್ಕೆ, "ನಂಗೂ ಸರಿ ಅನ್ಸಲ್ಲ ಸಾರ್, ರೂಲ್ಸ್ ಹಂಗಿದೆ" ಅಂದ. ವಾಪಸ್ ಬರುವಾಗ ವಕೀಲರಿಗೆ ಹೇಳಿದೆ, ಇವನೂ ಸಣ್ಣ ನಿರೇನ್ ಡೇ ಅಲ್ವಾ ಸರ್ ಅಂತ. ಅವರಿಗೆ ಹಿಡಿಸಲಿಲ್ಲ.

"ಅತಿ ಮಾಡಬೇಡಿ. ಆಗ ಹಿಡಿದವರನ್ನ ಎಲ್ಲಿಟ್ಟಿದಾರೆ ಅಂತ ಹೇಳ್ತಿರಲಿಲ್ಲ. ಜಾರ್ಜ್ ಫರ್ನಾಂಡಿಸ್ ತಮ್ಮ ಲಾರೆನ್ಸ್‌ಗೆ ಇದೇ ಊರಲ್ಲಿ ಪೊಲೀಸರು ಎಂಥ ಚಿತ್ರಹಿಂಸೆ ಕೊಟ್ರು ಗೊತ್ತಲ್ಲ? ಇವತ್ತು ಗಂಟಲು ಹರಿಯೋ ಹಾಗೆ ಕೂಗಿ ಮನೆಗೆ ಹೋಗ್ತಾ ಇದೀರಿ. ಎರಡೂ ಒಂದೇ ಅಂದ್ರೆ ಆಗ ಒಳಗಿದ್ದವರಿಗೆ ಅವಮಾನ."

ನಿಜ. ಆದರೂ ನನಗೆ ಸಮಾಧಾನ ಆಗಲಿಲ್ಲ. ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕಿನಲ್ಲೇ, ಅದೂ ಅನುಮತಿ ಪಡೆದೇ ಅನ್ನುವ ಆದೇಶ ಬಂದದ್ದು 2021ರಲ್ಲಿ. ಅದಕ್ಕೆ ಮೊದಲು ಮೆರವಣಿಗೆಗಳಿಂದ ಟ್ರಾಫಿಕ್ ಜಾಮ್ ಆಗುತ್ತಿದೆ ಅಂತ ಹೈಕೋರ್ಟೇ ತಾನಾಗಿ ವಿಷಯ ಎತ್ತಿಕೊಂಡಿತ್ತು. ಜಾಮ್ ಸುಳ್ಳಲ್ಲ. ಆಂಬುಲೆನ್ಸ್ ಸಿಕ್ಕಿಹಾಕಿಕೊಂಡದ್ದನ್ನು ನಾವೆಲ್ಲ ನೋಡಿದ್ದೇವೆ. ಆದೇಶ ಬಂದಾಗ ಇದ್ದದ್ದು ಒಂದು ಪಕ್ಷದ ಸರ್ಕಾರ, ಈಗ ಇನ್ನೊಂದು ಪಕ್ಷದ್ದು. ವಿರೋಧ ಪಕ್ಷದಲ್ಲಿದ್ದಾಗ ಕೂಗಾಡುವವರು ಕುರ್ಚಿ ಸಿಕ್ಕ ಮೇಲೆ ಇಂಥ ಆದೇಶ ವಾಪಸ್ ತಗೊಳ್ಳುವುದಿಲ್ಲ. ಯಾಕೆ ತಗೊಳ್ಳಬೇಕು ಹೇಳಿ? ಶಾಂತವಾಗಿ, ಆಯುಧ ಇಲ್ಲದೆ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿ ಹಾಗೇ ಇದೆ. ಅದರ ವಿಳಾಸ ಮಾತ್ರ ಒಂದೇ ಕಾಂಪೌಂಡಿಗೆ ಬಂದು ನಿಂತಿದೆ. ಯಾರಿಗೂ ಬೇಜಾರಿಲ್ಲ. ಬೀಗ ಜಡಿಯುವವರ ಜೊತೆ ನಾವೇ ಜಗಳ ಆಡದಿದ್ದರೆ ನ್ಯಾಯಮೂರ್ತಿ ಯಾವ ಧೈರ್ಯದ ಮೇಲೆ ಆಡಬೇಕು?

ಈ ಮಾತು ಬಂದಾಗ ವಕೀಲರು ಇನ್ನೊಂದು ವಿಷಯ ತೆಗೆದರು. ನಮ್ಮ ರಾಜ್ಯದವರಿಗೆ ಅಷ್ಟು ಇಷ್ಟವಾಗುವ ವಿಷಯ ಅಲ್ಲ ಅದು. 1977ರಲ್ಲಿ ಉತ್ತರದಲ್ಲಿ ಇಂದಿರಾ ಗಾಂಧಿ ಪಕ್ಷ ಗುಡಿಸಿಹೋಯಿತು. ಕರ್ನಾಟಕದಲ್ಲಿ? 28ರಲ್ಲಿ 26 ಸೀಟು ಅದೇ ಪಕ್ಷಕ್ಕೆ. ಮರುವರ್ಷ ಸೋತ ಇಂದಿರಾರನ್ನು ಚಿಕ್ಕಮಗಳೂರಿಗೆ ಕರೆತಂದು ಗೆಲ್ಲಿಸಿದೆವು. ಜನರಿಗೆ ದೇವರಾಜ ಅರಸರು ಕೊಟ್ಟ ಭೂಮಿ ಕಣ್ಣೆದುರಿಗಿತ್ತು. ಹೇಬಿಯಸ್ ಕಾರ್ಪಸ್ ಯಾರಿಗೆ ಕಾಣುತ್ತದೆ? ಗೇಣಿ ಹೊಲ ಸ್ವಂತಕ್ಕೆ ಆದವನನ್ನು ದೂರಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಆ ಎರಡು ಬೇರೆ ಸೀಟುಗಳಲ್ಲಿ ಒಂದು ಬೆಂಗಳೂರು ದಕ್ಷಿಣ. ಗೆದ್ದವರು ಅದೇ ಕೆ.ಎಸ್. ಹೆಗ್ಡೆ, ಆಮೇಲೆ ಲೋಕಸಭೆಯ ಸ್ಪೀಕರ್ ಆದರು. "ಅಷ್ಟಾದರೂ ಮಾಡಿದೆವಲ್ಲ" ಅಂದೆ. "ನೀವೆಲ್ಲಿ ಮಾಡಿದ್ರಿ, ಹುಟ್ಟೇ ಇರಲಿಲ್ಲ" ಅಂದರು.

2025ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳನ್ನು ಬೇರೆ ರಾಜ್ಯಗಳಿಗೆ ಕಳಿಸುವ ಶಿಫಾರಸು ಬಂತಲ್ಲ, ಆಗ ವಕೀಲರು ಕಲಾಪ ಬಿಟ್ಟು ಹೊರಗೆ ಬಂದಿದ್ದರು. ಆ ಶಿಫಾರಸು ಸರ್ಕಾರದ್ದಲ್ಲ, ಸುಪ್ರೀಂ ಕೋರ್ಟಿನ ಕೊಲಿಜಿಯಂನದ್ದು. ನ್ಯಾಯಮೂರ್ತಿಗಳನ್ನು ನ್ಯಾಯಮೂರ್ತಿಗಳೇ ಆರಿಸುವ ಈ ಪದ್ಧತಿ ಸರ್ಕಾರದ ಕೈ ತಡೆಯಲಿಕ್ಕೆ ಬಂದದ್ದು. 2015ರಲ್ಲಿ ಅದರ ಜಾಗಕ್ಕೆ ತಂದ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಸರಿಯಾಗಿಯೇ ಮಾಡಿತು ಅನ್ನುವವನು ನಾನು. ಆದರೆ ಬಾಗಿಲು ಹಾಕಿಕೊಂಡು ನಿರ್ಧಾರ ಮಾಡುವವರ ಪರವಾಗಿ ಬಿಸಿಲಲ್ಲಿ ನಿಂತು ಕೂಗು ಅಂದರೆ ಕಾಲೇಜು ಮಕ್ಕಳು ಯಾಕೆ ಬರಬೇಕು? ಬುಧವಾರ ಒಬ್ಬಳು ಹುಡುಗಿ ಇದನ್ನೇ ಕೇಳಿದಳು. ಜುಬ್ಬಾದವರು ಮತ್ತೆ ಕೌಟಿಲ್ಯನಿಗೆ ಹೋದರು.

ಅವಳಿಗೆ ನಮ್ಮ ವಕೀಲರು ಹೇಳಿದ್ದು ಪುಟ್ಟಸ್ವಾಮಿಯವರ ಕತೆ. ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಅದೇ ತೀರ್ಪಿನಲ್ಲಿ 1976ರ ಆ 4-1 ತೀರ್ಪು ತಪ್ಪು ಅಂತಲೂ ಬರೆದರು. ಬರೆದವರು ಡಿ.ವೈ. ಚಂದ್ರಚೂಡ್. ಆ ನಾಲ್ವರಲ್ಲಿ ಒಬ್ಬರಾದ ವೈ.ವಿ. ಚಂದ್ರಚೂಡ್ ಅವರ ಮಗ.

"41 ವರ್ಷ ತಗೊಂಡ್ರಾ?" ಅಂದಳು ಹುಡುಗಿ.

"ತಗೊಂಡ್ರು" ಅಂದರು ವಕೀಲರು. ಮುಂದೆ ಏನೂ ಸೇರಿಸಲಿಲ್ಲ. ಅವಳು ಫಲಕ ಮಡಚಿ ಬ್ಯಾಗಿಗೆ ತುರುಕಿದಳು.

ಮುಂದಿನ ತಿಂಗಳು ಮತ್ತೆ ಸೇರುವುದು ಅಂತಾಗಿದೆ. ಅನುಮತಿ ಅರ್ಜಿಯಲ್ಲಿ ಹೆಸರು, ವಿಳಾಸ ಕೊಟ್ಟು ಸಹಿ ಹಾಕಲು ಇಬ್ಬರು ಬೇಕು ಅಂತ ವಾಟ್ಸಾಪ್ ಗುಂಪಿನಲ್ಲಿ ಗುರುವಾರ ಹಾಕಿದೆವು. ಹೆಬ್ಬೆರಳು ಎತ್ತಿದ ಚಿತ್ರಗಳು ಸಾಲುಗಟ್ಟಿ ಬಂದವು, ಕೈ ಮುಗಿದವೂ ಬಂದವು. ವಿಳಾಸ ಕೊಟ್ಟದ್ದು ಇಲ್ಲಿಯವರೆಗೆ ಒಬ್ಬಳೇ, ಆ ಹುಡುಗಿ. ಮನೆಯಲ್ಲಿ ಕೇಳಿ ಇನ್ನೊಂದು ಸಲ ಹೇಳ್ತೀನಿ ಅಂದಿದ್ದಾಳೆ. ಎರಡನೆಯ ಸಾಲಿನಲ್ಲಿ ನನ್ನ ಹೆಸರು ಬರೆದಿಟ್ಟಿದ್ದೇನೆ.