ಐದನೇ ಮಾತು ಈ ಸಲ ನನ್ನದಲ್ಲ

ಚಿತ್ರದುರ್ಗ
16 ಫೆಬ್ರವರಿ 2025, ಭಾನುವಾರ

ಇವತ್ತು ಚರ್ಚಿನ ಆರಾಧನೆಗೆ ಹೋಗಿ ಮೂರನೇ ಬೆಂಚಿನಲ್ಲಿ ಕೂತೆ. ಜೇಬಿನಲ್ಲಿ ಚೀಟಿ ಇಲ್ಲ. ಕೈಯಲ್ಲಿ ಕನ್ನಡಕದ ಡಬ್ಬಿ ಮಾತ್ರ. ಪಕ್ಕದಲ್ಲಿದ್ದ ಹೆಂಡತಿ ಎರಡು ಸಲ ನನ್ನ ಮುಖ ನೋಡಿದಳು. ಕೀರ್ತನೆ ಮುಗಿದ ಕೂಡಲೇ ಅಭ್ಯಾಸಬಲದಲ್ಲಿ ಎದ್ದು, ಉಪದೇಶ ಮಾಡುವ ಪ್ರಸಂಗ ಪೀಠದ ಕಡೆ ಹೊರಟುಬಿಡ್ತಾರೇನೋ ಅಂತ ಅವಳಿಗೆ ಭಯ.

ಹೋಗಲಿಲ್ಲ. ಇನ್ನು ಪ್ರಸಂಗಕ್ಕೆ ನನ್ನ ಹೆಸರು ಹಾಕಬೇಡಿ ಅಂತ ಎರಡು ಸಾಲು ಬರೆದು, ಶುಕ್ರವಾರವೇ ನಮ್ಮ ಪಾದ್ರಿ, ಅಂದರೆ ಸಭಾಪಾಲಕರ ಕೈಗೆ ಕೊಟ್ಟು ಬಂದಿದ್ದೇನೆ. ಅವರು ನನ್ನ ಮಗನಿಗಿಂತ ಚಿಕ್ಕವರು. ಓದಿ, ಮಡಚಿ, 'ಆರೋಗ್ಯ ಸರಿ ಇದೆ ತಾನೇ ಅಯ್ಯನವರೇ?' ಅಂದರು. ಆರೋಗ್ಯಕ್ಕೇನೂ ಆಗಿಲ್ಲ.

ನಿವೃತ್ತನಾಗಿ ಏಳು ವರ್ಷವಾಯಿತು. ಆದರೆ ಸಭಾಪಾಲಕನಿಗೆ ನಿವೃತ್ತಿ ಅಂದರೆ ಸಭೆ ಕೊಟ್ಟ ಮನೆ ಖಾಲಿ ಮಾಡೋದು, ಅಷ್ಟೇ. ಮಾತು ಖಾಲಿಯಾಗಲ್ಲ. ಯಾವುದೋ ಹಳ್ಳಿಯಲ್ಲಿ ಅಯ್ಯನವರು ರಜೆ, ಇನ್ನೊಂದು ಕಡೆ ಅವರಿಗೆ ಜ್ವರ. ಶನಿವಾರ ಸಂಜೆ ಫೋನ್ ಬರುತ್ತದೆ. ಭಾನುವಾರ ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿನಲ್ಲಿ.

ಹೋದ ಭಾನುವಾರ ಹಾಗೆ ಹೋಗಿದ್ದು ಹಿರಿಯೂರು ಕಡೆಯ ಒಂದು ಸಣ್ಣ ಸಭೆಗೆ. ಮೂವತ್ತು ಜನ ಇದ್ದರೆ ಹೆಚ್ಚು. ವಿಷಯ ನಂಬಿಕೆ. ನಂಬಿಕೆಗೆ ನನ್ನ ಹತ್ತಿರ ಯಾವತ್ತೂ ಸಿದ್ಧವಾಗಿರೋ ಒಂದು ದೃಷ್ಟಾಂತ ಇದೆ, ವಾಣಿವಿಲಾಸ ಸಾಗರದ್ದು. ಹಳಬರು ಇನ್ನೂ ಮಾರಿಕಣಿವೆ ಅಂತಲೇ ಅನ್ನೋದು. ವೇದಾವತಿ ನದಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ್ದು, ಕೆಲಸ ಮುಗಿದದ್ದು 1907ರಲ್ಲಿ. 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆಮೇಲೆ ಇಲ್ಲ. 'ಆ ಕಟ್ಟೆ ಬೇಸರ ಮಾಡಿಕೊಂಡು ಎದ್ದು ಹೋಯಿತಾ? ಇವತ್ತಿನವರೆಗೂ ತುಂಬಿಲ್ಲ. ಆದರೂ ನಿಂತಿದೆ.' ಇಲ್ಲಿ ದನಿ ಇಳಿಸಬೇಕು. ಮನಸ್ಸಿನಲ್ಲೇ ಮೂರು ಎಣಿಸಬೇಕು. ಮುಂದಿನ ಮಾತು ಆಮೇಲೆ. ಮಳೆ ಕಾದು ಕಾದು ಸೋತ ಈ ಜಿಲ್ಲೆಯಲ್ಲಿ ಅದು ಕೆಲಸ ಮಾಡುತ್ತಿತ್ತು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

2022ರ ಸೆಪ್ಟೆಂಬರಿನಲ್ಲಿ ಕಟ್ಟೆ ಕೋಡಿ ಬಿತ್ತು. 89 ವರ್ಷದ ಮೇಲೆ! ಜನ ಜಾತ್ರೆಗೆ ಹೋದ ಹಾಗೆ ಹೋದರು. ನಾನೂ ಹೋದೆ. ನನ್ನ ಪಕ್ಕ ಒಬ್ಬ ಮುದುಕ ರೈತ ಚಪ್ಪಲಿ ಬಿಟ್ಟು, ಕೈ ಮುಗಿದು ಸುಮ್ನೆ ನೀರು ನೋಡುತ್ತಾ ನಿಂತಿದ್ದ. ನನಗೆ ಮೊದಲು ಬಂದ ಯೋಚನೆ ಯಾವುದು ಗೊತ್ತಾ? ಅಯ್ಯೋ, ಒಳ್ಳೇ ದೃಷ್ಟಾಂತ ಹೋಯಿತಲ್ಲ! ಬರೆಯೋಕೆ ಈಗಲೂ ನಾಚಿಕೆ. ವಾಪಸ್ ಬರುವ ಬಸ್ಸಿನಲ್ಲಿ ಸಮಾಧಾನವಾಯಿತು. ಕೊನೆ ಬದಲಾಯಿಸಿದರೆ ಆಯಿತಲ್ಲ, 'ನೋಡಿ, ಕಾದದ್ದಕ್ಕೆ ತುಂಬಿತು' ಅನ್ನಬಹುದು. ಇನ್ನೂ ಚೆನ್ನಾಯಿತು.

ಎರಡು ವರ್ಷ ಹಾಗೇ ಹೇಳಿದೆ. ಹೋದ ಭಾನುವಾರ ಮಾತ್ರ ನಾಲಿಗೆ ಹಳೇ ದಾರಿ ಹಿಡಿಯಿತು. ಇವತ್ತಿನವರೆಗೂ ತುಂಬಿಲ್ಲ ಅಂದೆ. ದನಿ ಇಳಿಸಿದೆ. ಮೂರು ಎಣಿಸಿದೆ. ಆ ಮೌನದಲ್ಲಿ ಚಾಪೆ ಮೇಲೆ ಕೂತಿದ್ದ ಒಂದು ಹುಡುಗಿ, 'ತುಂಬೈತಲ್ಲ ತಾತಾ!' ಅಂದಳು.

ಕಟ್ಟೆ ಹೋದ ತಿಂಗಳಷ್ಟೇ ಮತ್ತೆ ಕೋಡಿ ಬಿದ್ದಿದೆ. ಆ ಸಭೆಯಲ್ಲಿ ಅರ್ಧಕ್ಕರ್ಧ ಜನರ ಹೊಲ ಅದೇ ಕಟ್ಟೆಯ ನಾಲೆಗೆ ಸೇರಿದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೇಗೋ ತೇಪೆ ಹಾಕಿ ಮುಗಿಸಿದೆ. ನಗು ನನಗೆ ನೋವು ಮಾಡಲಿಲ್ಲ. ಪ್ರಸಂಗಿಗೆ ಅದು ಹೊಸದಲ್ಲ.

ಆಮೇಲೆ ಮಜ್ಜಿಗೆ ತಂದುಕೊಟ್ಟ ಒಬ್ಬ ಅಜ್ಜಿ ಹೇಳಿದ ಮಾತಿದೆಯಲ್ಲ, ಅದು ಎಂಟು ದಿನದಿಂದ ಗಂಟಲಲ್ಲೇ ಇದೆ. 'ಬೆಳಿಗ್ಗೆ ನಾನೇ ಅಡಿಕೆಗೆ ನೀರು ಕಟ್ಟಿ ಬಂದಿದ್ದೆ ಅಯ್ಯನೋರೇ. ನೀವು ತುಂಬಿಲ್ಲ ಅಂದಾಗ, ಹೌದೇನೋ ಅಂತ ಒಂದು ಗಳಿಗೆ ನಂಗೂ ಅನುಮಾನ ಬಂತು.' ತಮಾಷೆಗೆ ಹೇಳಿದ್ದಲ್ಲ. ಕಾಲಿಗೆ ಇನ್ನೂ ಕೆಸರು ಮೆತ್ತಿತ್ತು.

ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಾ, 'ಸಾಕಲ್ವಾ ಇನ್ನು?' ಅಂದಳು. ಸಾಕು ಅಂದೆ.

ಬೈಬಲ್ಲಿನಲ್ಲಿ ನಿವೃತ್ತಿಯ ಮಾತು ಇಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಇದೆ. ಅರಣ್ಯಕಾಂಡದ ಎಂಟನೇ ಅಧ್ಯಾಯ, ಕೊನೆಯ ಮೂರು ವಚನ. ದೇವರ ಗುಡಾರದ ಸೇವೆಗೆ ಮೀಸಲಾದ ಕುಲದವರು ಲೇವಿಯರು. ಅವರು ಇಪ್ಪತ್ತೈದಕ್ಕೆ ಸೇವೆಗೆ ಸೇರಬೇಕು, ಐವತ್ತಕ್ಕೆ ಬಿಡಬೇಕು. ಆಮೇಲೆ ಉಳಿದವರ ಜೊತೆ ಸಹಾಯಕ್ಕಿರಬಹುದು, ಸೇವೆ ಮಾತ್ರ ಮಾಡೋ ಹಾಗಿಲ್ಲ. ಇಷ್ಟು ವರ್ಷದಲ್ಲಿ ಆ ಮೂರು ವಚನದ ಮೇಲೆ ನಾನು ಒಂದು ಸಲವೂ ಪ್ರಸಂಗ ಮಾಡಿಲ್ಲ. ಬೇರೆ ಯಾರಾದರೂ ಮಾಡಿದ್ದನ್ನೂ ಕೇಳಿಲ್ಲ! ನಮಗೆ ಬೇಕಾದವನು ಊರೂರು ಸುತ್ತಿ ಸುವಾರ್ತೆ ಸಾರಿದ ಅಪೊಸ್ತಲ ಪೌಲ. ತ್ರೋವ ಪಟ್ಟಣದಲ್ಲಿ ಅವನ ಪ್ರಸಂಗ ನಡುರಾತ್ರಿ ದಾಟಿತು. ಕಿಟಕಿಯಲ್ಲಿ ಕೂತಿದ್ದ ಯೂತಿಖ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದು ಸತ್ತ. ಪೌಲ ಇಳಿದು ಹೋಗಿ ಅವನನ್ನು ಬದುಕಿಸಿದ. ಒಳ್ಳೇದೇ. ಆದರೆ ಮತ್ತೆ ಮೇಲೆ ಹತ್ತಿ ಬೆಳಗಾಗೋವರೆಗೆ ಮಾತಾಡಿದ ನೋಡಿ, ಅದು ನಮ್ಮ ಜಾತಿಯ ರೋಗ.

ಇವತ್ತು ಆರಾಧನೆ ಮುಗಿದ ಮೇಲೆ ಸಭಾಪಾಲಕರು ಗೇಟಿನ ಹತ್ತಿರ ಹಿಡಿದುಕೊಂಡರು. 'ಉಳಿದದ್ದು ಸರಿ, ಐದನೇ ಮಾತು ಮಾತ್ರ ನೀವೇ ಹೇಳಬೇಕು' ಅಂದರು. ಶುಭ ಶುಕ್ರವಾರ ಈ ಸಲ ಏಪ್ರಿಲ್ 18ಕ್ಕೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ, ಒಂದೊಂದು ಮಾತಿಗೆ ಒಬ್ಬೊಬ್ಬರು. ಐದನೆಯದು ನೀರಡಿಕೆಯ ಮಾತು, 'ನನಗೆ ನೀರಡಿಕೆಯಾಗಿದೆ'. ಎಲ್ಲದಕ್ಕಿಂತ ಚಿಕ್ಕದು, ಗ್ರೀಕಿನಲ್ಲಿ ಒಂದೇ ಪದ. ಆ ಒಂದು ಪದಕ್ಕೆ ನಾನು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದೆ. ಬರ, ಕೊಳವೆಬಾವಿ, ಮಾರಿಕಣಿವೆ, ಎಲ್ಲ ಬರುತ್ತಿತ್ತು.

ಬೇಡ ಅಂದೆ. ಬದಲಿಗೆ ಒಬ್ಬರ ಹೆಸರು ಹೇಳಿದೆ. ನಮ್ಮ ಸಭೆಯವರೇ, ಮೂವತ್ತು ವರ್ಷ ಊರಿನ ಬೀದಿಗಳಿಗೆ ನೀರು ಬಿಡುವ ಕೆಲಸ ಮಾಡಿದ ನೀರುಗಂಟಿ. ಬೇಸಿಗೆಯಲ್ಲಿ ಜನರಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಎಲ್ಲರೆದುರು ಒಂದು ಪ್ರಾರ್ಥನೆಯನ್ನೂ ಜೋರಾಗಿ ಮಾಡಿದವರಲ್ಲ. ಸಭಾಪಾಲಕರು ತಲೆ ಕೆರೆದುಕೊಂಡರು. 'ಅವರು ಎರಡು ನಿಮಿಷದಲ್ಲಿ ಮುಗಿಸಿಬಿಡ್ತಾರೆ' ಅಂದರು. ಮುಗಿಸಲಿ ಬಿಡಿ ಅಂದೆ.

ಇವತ್ತಿನ ಪ್ರಸಂಗ ಹೇಗಿತ್ತು ಅಂತ ಮಗಳು ಫೋನಿನಲ್ಲಿ ಕೇಳಿದಳು. ಚೆನ್ನಾಗಿತ್ತು, ಸ್ವಲ್ಪ ಉದ್ದ ಆಯಿತು ಅಂದೆ. ಅವಳು ಎಷ್ಟು ನಕ್ಕಳೆಂದರೆ ಫೋನ್ ಕಿವಿಯಿಂದ ದೂರ ಹಿಡಿಯಬೇಕಾಯಿತು.

ಮಂಗಳವಾರ ನಾವಿಬ್ಬರೂ ವಾಣಿವಿಲಾಸ ಸಾಗರಕ್ಕೆ ಹೋಗೋಣ ಅಂತಿದ್ದೇವೆ. ಹೆಂಡತಿ ಇನ್ನೂ ತುಂಬಿದ ಕಟ್ಟೆ ನೋಡಿಲ್ಲ. 2022ರಲ್ಲಿ ನಾನೊಬ್ಬನೇ ಹೋಗಿ ಬಂದಿದ್ದೆ, ಅದೂ ತಪ್ಪೇ. ಅವಳದು ಒಂದೇ ಷರತ್ತು, ಅಲ್ಲಿ ನಿಂತು ಏನೂ ವಿವರಿಸಬಾರದು. ಚಿತ್ರಾನ್ನ ಕಟ್ಟಿಕೊಳ್ಳುತ್ತಾಳಂತೆ. ನಿಂಬೆಹಣ್ಣು ಮನೆಯಲ್ಲಿಲ್ಲ, ನಾಳೆ ತರಬೇಕು.