‘ವಿಒಸಿ 412 ಅಂತ ತೋರಿಸ್ತಿದೆ, ಜಾಸ್ತಿನಾ?’

ನನ್ನದು ಗಾಳಿ ಅಳೆಯುವ ಕೆಲಸ ಅಂತ ಗೊತ್ತಾದ ಕೂಡಲೇ ಜನ ಫೋನ್ ಮುಂದೆ ಹಿಡಿಯುತ್ತಾರೆ. ಮನೆಯ ಪುಟ್ಟ ಸೆನ್ಸರ್ ಕಳಿಸಿದ ಒಂದು ಅಂಕಿ ಅದರಲ್ಲಿರುತ್ತದೆ. “ವಿಒಸಿ 412 ಅಂತಿದೆ, ಜಾಸ್ತಿನಾ? ಊರಿನ ಗಾಳಿ ಅಷ್ಟು ಕೆಟ್ಟಿದೆಯಾ?”

ಇದೊಂದು ಅಂಕಿಯಿಂದ ಹೇಳೋಕಾಗಲ್ಲ ಅನ್ನುತ್ತೇನೆ. ಕೇಳಿದವರ ಮುಖ ಬಾಡುತ್ತದೆ.

ವಿಒಸಿ ಅಂದರೆ ಮಾಮೂಲಿ ಶಾಖದಲ್ಲೇ ಆವಿಯಾಗಿ ಗಾಳಿಗೆ ಸೇರುವ ಇಂಗಾಲದ ಸಂಯುಕ್ತಗಳು. ಪೆಟ್ರೋಲಿನ ಬೆಂಜೀನ್, ಪೇಂಟ್ ಥಿನ್ನರಿನ ಟಾಲೂಯೀನ್, ಪ್ಲೈವುಡ್ ಅಂಟಿನ ಫಾರ್ಮಾಲ್ಡಿಹೈಡ್, ಕಿತ್ತಳೆ ಸಿಪ್ಪೆಯ ಲಿಮೊನೀನ್, ಮರಗಳೇ ಬಿಡುವ ಐಸೊಪ್ರೀನ್, ಎಲ್ಲವೂ ಇದೇ ಗುಂಪಿನವು. ಅಗ್ಗದ ಸೆನ್ಸರಿನ ಒಳಗಿರುವುದು ಕಾಯಿಸಿದ ಲೋಹದ ಆಕ್ಸೈಡಿನ ಪದರ. ಆವಿ ತಗುಲಿದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ತಗುಲಿದ್ದು ಯಾವ ಆವಿ ಅನ್ನುವುದು ಅದಕ್ಕೆ ತಿಳಿಯದು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಪಕ್ಕ ನಿಂತರೆ ಸಾಕು, ಅಂಕಿ ನೆಗೆಯುತ್ತದೆ. ಗಾಳಿಯ ತೇವ ಬದಲಾದರೂ ಅಲುಗುತ್ತದೆ. ಲಿಮೊನೀನನ್ನೂ ಬೆಂಜೀನನ್ನೂ ಕೂಡಿಸಿ ಒಂದೇ ಮೊತ್ತ ಹೇಳುವುದು ಮನೆಯೊಳಗೆ ಹನ್ನೆರಡು ಜೀವಿಗಳಿವೆ ಅಂದ ಹಾಗೆ. ಇರುವೆಯೋ ಹಾವೋ?

ಬೆಂಜೀನ್ ಹಾವಿನ ಜಾತಿ. ರಕ್ತದ ಕ್ಯಾನ್ಸರ್ ತರುತ್ತದೆ. ಭಾರತದ ಮಾನದಂಡದಲ್ಲಿ ಅದರ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು. ಮೂಗನ್ನು ನಂಬುವಂತಿಲ್ಲ: ವಾಸನೆ ಗೊತ್ತಾಗುವ ಹೊತ್ತಿಗೆ ಬೆಂಜೀನ್ ಈ ಮಿತಿಯ ನೂರಾರು ಪಟ್ಟು ಇರುತ್ತದೆ.

ದುಬಾರಿ ಕೈಯಂತ್ರಗಳೂ ಸರ್ವಜ್ಞರಲ್ಲ. ನೇರಳಾತೀತ ದೀಪದಿಂದ ಆವಿಯನ್ನು ಅಯಾನುಗಳಾಗಿಸಿ ಅಳೆಯುವ ಯಂತ್ರವೊಂದಿದೆ. ಅದರಲ್ಲಿ ಸಾಮಾನ್ಯವಾಗಿ ಇರುವುದು 10.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ದೀಪ. ಅಯಾನಾಗಲು ಬೆಂಜೀನಿಗೆ 9.24 ಸಾಕು, ಸಿಕ್ಕಿಬೀಳುತ್ತದೆ. ಫಾರ್ಮಾಲ್ಡಿಹೈಡಿಗೆ 10.88 ಬೇಕು. ಹಾಗಾಗಿ ಕೋಣೆ ತುಂಬ ಫಾರ್ಮಾಲ್ಡಿಹೈಡ್ ಇದ್ದರೂ ಈ ಯಂತ್ರ ಅದನ್ನು ಕಾಣದು.

ಹೆಸರು ಹಿಡಿದು ಅಳೆಯಬೇಕಾದರೆ ಗಾಳಿಯನ್ನು ಲ್ಯಾಬಿಗೆ ಒಯ್ಯುವುದೇ ಹಳೆಯ, ನಂಬಿಕೆಯ ದಾರಿ. ಹೀರುಪುಡಿ ತುಂಬಿದ ಬೆರಳುದ್ದದ ಕೊಳವೆಗೆ ಪಂಪಿನಿಂದ ಗಾಳಿ ಎಳೆದು ಆವಿಯನ್ನು ಹಿಡಿದು, ಲ್ಯಾಬಿನಲ್ಲಿ ಕಾಯಿಸಿ ಬಿಡಿಸಿ, ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಒಂದೊಂದನ್ನೇ ಬೇರೆ ಮಾಡುತ್ತೇವೆ. ಫಾರ್ಮಾಲ್ಡಿಹೈಡಿಗೆ ಬೇರೆ ಕೊಳವೆ, ಬೇರೆ ವಿಧಾನ. ಇಡೀ ನಗರದ ನಕ್ಷೆ ಬೇಕಿದ್ದರೆ ನನ್ನ ಮೆಚ್ಚಿನದು ಪಂಪೇ ಇಲ್ಲದ ಕೊಳವೆ: ದೀಪದ ಕಂಬಕ್ಕೆ ಕಟ್ಟಿ ಎರಡು ವಾರ ಬಿಟ್ಟರೆ ಗಾಳಿ ತಾನೇ ಒಳಗೆ ಹರಡಿಕೊಳ್ಳುತ್ತದೆ. ಆದರೆ ಸಿಗುವುದು ಎರಡು ವಾರದ ಸರಾಸರಿ ಮಾತ್ರ. ಯಾವ ರಾತ್ರಿ ಏನಾಯಿತು ಅಂತ ಅದು ಹೇಳದು.

ಜೊತೆಗೆ ಮುಚ್ಚಳ ತೆಗೆಯದ ಒಂದೆರಡು ಕೊಳವೆಗಳನ್ನೂ ಒಯ್ಯಬೇಕು, ಖಾಲಿ ಮಾದರಿ ಅಂತ. ಹೊಸದರಲ್ಲಿ ನನಗೆ ಇದು ಬರೀ ಶಾಸ್ತ್ರ ಅನ್ನಿಸುತ್ತಿತ್ತು. ಒಮ್ಮೆ ಆ ಖಾಲಿ ಕೊಳವೆಗಳಲ್ಲೇ ಕ್ಸೈಲೀನ್ ಎಂಬ ದ್ರಾವಕ ರಾಶಿ ಬಿತ್ತು. ಹುಡುಕಿದರೆ, ಕೊಳವೆಗಳ ಮೇಲೆ ನಂಬರ್ ಬರೆದ ನನ್ನದೇ ಮಾರ್ಕರ್ ಪೆನ್ನು! ಎರಡು ವಾರದ ಕೆಲಸ ಕಸದ ಬುಟ್ಟಿಗೆ. ಅಂದಿನಿಂದ ಪೆನ್ಸಿಲ್.

ಬಿಡಿಬಿಡಿಯಾಗಿ ಅಳೆದರೆ ಮೂಲದ ಸುಳಿವೂ ಸಿಗುತ್ತದೆ. ಬೆಂಜೀನಿಗೆ ಹೋಲಿಸಿ ಟಾಲೂಯೀನ್ ತೀರಾ ಹೆಚ್ಚಿದ್ದರೆ ವಾಹನಗಳನ್ನಷ್ಟೇ ಬೈಯದೆ ಹತ್ತಿರದಲ್ಲಿ ಪೇಂಟ್ ಅಥವಾ ಮುದ್ರಣದ ಕೆಲಸ ಇದೆಯೇ ಎಂದು ನೋಡುತ್ತೇನೆ. ಬಿಸಿಲಲ್ಲಿ ಟಾಲೂಯೀನ್ ಬೆಂಜೀನಿಗಿಂತ ಸುಮಾರು ಐದು ಪಟ್ಟು ಬೇಗ ಕರಗುತ್ತದೆ, ಆದ್ದರಿಂದ ಅದರ ಪಾಲು ಕುಗ್ಗಿದ್ದರೆ ಗಾಳಿ ದೂರದಿಂದ ಬಂದಿರಬಹುದು. ಹಾಗೆ ಕರಗಿದ್ದು ಸುಮ್ಮನೆ ಹೋಗುವುದೂ ಇಲ್ಲ. ಹೊಗೆಯ ನೈಟ್ರೋಜನ್ ಆಕ್ಸೈಡುಗಳ ಜೊತೆ ಸೇರಿ ಓಝೋನ್ ಹುಟ್ಟಿಸುತ್ತದೆ. 1950ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ಮಬ್ಬಿನಲ್ಲಿ ಇದನ್ನು ಪತ್ತೆಹಚ್ಚಿದ ರಸಾಯನಶಾಸ್ತ್ರಜ್ಞ ಹಾಗೆನ್-ಸ್ಮಿಟ್ ಅದಕ್ಕೂ ಮೊದಲು ಅನಾನಸಿನ ಪರಿಮಳದ ಬೆನ್ನು ಹತ್ತಿದ್ದವರು.

ಹಾಗಾದರೆ ಮನೆಯ ಸೆನ್ಸರ್ ಎಸೆಯಬೇಕೇ? ಬೇಡ. “ಎಷ್ಟು” ಅಂತ ಅದನ್ನು ಕೇಳಬೇಡಿ, “ಯಾವಾಗ” ಅಂತ ಕೇಳಿ. ಅಂಕಿ ಏರಿದ ಗಂಟೆ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ಒಂದು ವಾರ ಬರೆದಿಡಿ. ಹಾಗೆ ಬರೆದು ತಂದವರೊಬ್ಬರ ಚೀಟಿಯಲ್ಲಿ ದಿನವೂ ಬೆಳಿಗ್ಗೆ ಏಳಕ್ಕೆ ಒಂದು ಶಿಖರವಿತ್ತು, ಭಾನುವಾರ ಬಿಟ್ಟು. ಹೊರಗಿನ ಟ್ರಾಫಿಕ್ಕೇ ಅಂತ ಅವರ ವಾದ. ಆದರೆ ಕಿಟಕಿ ಮುಚ್ಚಿದ ದಿನ ಶಿಖರ ಇನ್ನೂ ಎತ್ತರಕ್ಕಿತ್ತು. ಏಳಕ್ಕೆ ಮನೆಯಲ್ಲಿ ಏನು ನಡೆಯುತ್ತೆ ಅಂದೆ. ಸ್ವಲ್ಪ ಯೋಚಿಸಿ, “ನೆಲ ಒರೆಸ್ತಾರೆ” ಅಂದರು.